ಕೂಗಳತೆಯ ಕೋವಿ

"ಭಾವಾ, ಇದು ಬರೀ ಕೋವಿ ಅಂದ್ಕೋಬೇಡಿ. ಹಾರೋ ಸೊಳ್ಳೆಯ ಎಡಗಾಲಿಗೆ ಗುರಿಯಿಟ್ಟರೆ ಬಲಗಾಲಿಗೆ ಸುದ್ದಿ ಗೊತ್ತಾಗಬಾರದು, ಹಾಗೆ ಹೊಡೀತೀನಿ!"

ಬಿದಿರಗಡದ ಪಾಳೆಯಗಾರ ಓಬಳನಾಯಕನ ಮುಂದೆ ಹೀಗೆ ಕೊಚ್ಚಿಕೊಂಡವನು ಅವನ ಹೆಂಡತಿಯ ತಮ್ಮ ತಿಪ್ಪರಾಜ. ಹೊಸ ಕೋವಿ ಕೈಗೆ ಬಂದು ತಿಂಗಳಾಗಿತ್ತು. ಅರಮನೆಯ ಹಿಂದೆ ಕುಂಬಾರಗೇರಿ, ಕೇರಿಯ ಆಚೆಗೆ ಮಣ್ಣಿನ ದಿಬ್ಬ. ಬೆಳಗಾಯಿತೆಂದರೆ ದಿಬ್ಬ ಹತ್ತಿ ನಿಂತು ಢಂ, ಢಂ, ಢಂ! ಊರಿನ ಸೊಳ್ಳೆಗಳೆಲ್ಲ ಕೈಕಾಲು ನೆಟ್ಟಗಿಟ್ಟುಕೊಂಡು ಸುಖವಾಗಿದ್ದವು. ಗುಂಡು ಮಾತ್ರ ಕುಂಬಾರರ ಸೂರಿನ ಮೇಲೆ ಬೀಳುತ್ತಿತ್ತು.

ಕೊನೆಗೆ ಕುಂಬಾರ ದ್ಯಾವಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ಆಸ್ಥಾನಕ್ಕೇ ಬಂದಳು.

"ಬುದ್ಧೀ, ಈ ಢಂ ಅನ್ನೋ ಸದ್ದಿಗೆ ತಿಗರಿ ಮುಂದೆ ಕೂತ ನನ್ನ ಗಂಡನ ಕೈ ಬೆಚ್ಚಿಬೀಳ್ತದೆ. ನಿನ್ನೆ ಮಾಡಿದ ಹನ್ನೊಂದು ಗಡಿಗೆಯಲ್ಲಿ ಒಂದಕ್ಕೂ ಕುತ್ತಿಗೆ ನೆಟ್ಟಗಿಲ್ಲ. ಅದಾದರೂ ಹೋಗಲಿ. ಮೊನ್ನೆ ಗುಂಡು ಬಡಿದು ಹೆಂಚು ಒಡೆದು ಬಿತ್ತು. ಮೊಮ್ಮಗಳ ತೊಟ್ಟಿಲಿಗೂ ಅದಕ್ಕೂ ಗೇಣು ದೂರ."

ನಾಯಕನ ಮಗ್ಗುಲಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದ ಹಡಪದ ಈರಗ ತಲೆಯೆತ್ತಿದ. ನಾಯಕನಿಗೆ ಎಲೆಯಡಿಕೆ ಮಡಿಸಿಕೊಡುವುದು ಅವನ ಕೆಲಸ. ತೊಟ್ಟಿಲ ಮಾತು ಕೇಳಿ ಅವನು ಕೈಯಲ್ಲಿದ್ದ ಎಲೆ ಕೆಳಗಿಟ್ಟ.

"ಬುದ್ಧೀ, ಮನೆಗಳಿಂದ ಒಂದು ಕೂಗಳತೆಯ ಒಳಗೆ ಯಾರೂ ಕೋವಿ ಹಾರಿಸಬಾರದು. ನಿಮ್ಮ ತಾತನವರು ಮಾಡಿದ ಕಟ್ಟಳೆ."

"ಗೊತ್ತು ಕಣಯ್ಯ," ಎಂದ ತಿಪ್ಪರಾಜ. "ಕೂಗಳತೆ ಅಂದರೆ ಇಲ್ಲಿ ಕೂಗಿದ್ದು ಅಲ್ಲಿಗೆ ಕೇಳಬೇಕು, ಅಷ್ಟೇ ತಾನೆ? ನಾನು ದಿಬ್ಬದ ಮೇಲೆ ನಿಂತಿರ್ತೀನಿ, ಕೇರಿಯವರು ಕೂಗಲಿ. ಕೇಳಿಸಿದರೆ ಕೋವಿ ಕೆಳಗಿಡ್ತೀನಿ. ಕೇಳಿಸದಿದ್ದರೆ ಕೇರಿಯೇ ಗಂಟುಮೂಟೆ ಕಟ್ಟಲಿ. ನನಗೂ ಜಾಗ ಸಾಲ್ತಾ ಇಲ್ಲ."

ನಾಯಕ ಒಮ್ಮೆ ರಾಣಿಯ ಅಂತಃಪುರದ ಕಡೆ ನೋಡಿದ. ಆಮೇಲೆ ಆಗಲಿ ಎಂದು ತಲೆಯಾಡಿಸಿದ.

ಕೇರಿಗೆ ಕೇರಿಯೇ ಬೀದಿಗಿಳಿದು ಕೂಗಿತು. ಲಾಯದ ಕುದುರೆಗಳು ಹಗ್ಗ ಕಿತ್ತವು. ಆನೆ ಮಲಗಿದ್ದದ್ದು ಎದ್ದು ನಿಂತಿತು. ದ್ಯಾವಮ್ಮನ ಒಂದು ಕೂಗಿಗೆ ಗೋಪುರದ ಪಾರಿವಾಳಗಳೆಲ್ಲ ಪಕ್ಕದ ಸೀಮೆಗೆ ಹೊರಟೇಹೋದವು.

ತಿಪ್ಪರಾಜ ದಿಬ್ಬದಿಂದ ನಿಧಾನವಾಗಿ ಇಳಿದು ಬಂದ. ಆಕಳಿಸಿದ.

"ಯಾಕೆ ಭಾವ, ಇವರಿನ್ನೂ ಕೂಗೋಕೆ ಶುರು ಮಾಡಿಲ್ಲವಾ? ನಿಂತು ನಿಂತು ಕಾಲು ನೋವು ಬಂತು."

ದ್ಯಾವಮ್ಮನ ಗಂಟಲಲ್ಲಿ ಗಾಳಿ ಮಾತ್ರ ಉಳಿದಿತ್ತು. "ಈರಣ್ಣ, ಮಡಕೆ ಹೊತ್ಕೊಂಡು ಹೋಗಬಹುದು. ಮಡಕೆ ಸುಡೋ ಆವಿಗೆ ಹೊತ್ಕೊಂಡು ಎಲ್ಲಿಗೆ ಹೋಗಲಿ?"

ಈರಗ ನಾಯಕನ ಕಿವಿಯ ಹತ್ತಿರ ಬಾಗಿದ. "ಬುದ್ಧೀ, ತೀರ್ಪು ಊಟ ಆದ ಮೇಲೆ ಕೊಡಿ. ಹಸಿದ ಹೊಟ್ಟೆಯಲ್ಲಿ ಯಾರನ್ನೂ ಒಕ್ಕಲೆಬ್ಬಿಸಬಾರದು."

ನಾಯಕನಿಗೂ ಅಷ್ಟೇ ಬೇಕಿತ್ತು. ಒಪ್ಪಿದ. ತಿಪ್ಪರಾಜ ಮೀಸೆ ತಿರುವಿಕೊಂಡು ಮತ್ತೆ ದಿಬ್ಬ ಹತ್ತಿದ. ಈರಗ ಅಡುಗೆಮನೆಗೆ ಹೋಗಿ, ಇವತ್ತು ಹೋಳಿಗೆ ಆಗಲಿ, ಹೂರಣ ಧಾರಾಳವಾಗಿರಲಿ ಎಂದು ಹೇಳಿ ಬಂದ.

ಆ ಅರಮನೆಯಲ್ಲಿ ಒಂದು ಪದ್ಧತಿಯಿತ್ತು. ಎಲೆ ಹಾಕಿದ ಮೇಲೆ ಅಡುಗೆಯ ನಂಜಯ್ಯ ಹಿತ್ತಿಲ ಬಾಗಿಲಲ್ಲಿ ನಿಂತು ಒಂದೇ ಒಂದು ಸಲ ಕೂಗುತ್ತಿದ್ದ. ಕೂಗು ಕೇಳಿ ಬಂದ ನಂಟರಿಗೆ ನಾಯಕನ ಪಂಕ್ತಿಯಲ್ಲಿ ಊಟ. ಕೇಳಿಸದವರು ಊರಲ್ಲಿಲ್ಲ ಎಂದೇ ಅರ್ಥ, ಅವರಿಗೆ ಎಲೆಯಿಲ್ಲ. ನಂಜಯ್ಯನಿಗೆ ಎಪ್ಪತ್ತು ವರ್ಷ, ಮೇಲೆ ಗೂರಲು ಕೆಮ್ಮು. ಅವನು ಕೂಗಿದರೆ ಪಕ್ಕದಲ್ಲಿ ಮಲಗಿದ ಬೆಕ್ಕೂ ಕಣ್ಣು ತೆರೆಯುತ್ತಿರಲಿಲ್ಲ.

ಹೊತ್ತು ನೆತ್ತಿಗೆ ಬಂತು. ನಂಜಯ್ಯ ಬಾಗಿಲಿಗೆ ಬಂದು ಉಸಿರು ಎಳೆದುಕೊಂಡು, "ಎಲೆ... ಹಾಕಿದೇ..." ಎಂದ.

ಎಂದನೋ ಇಲ್ಲವೋ, ದಿಬ್ಬದ ಮೇಲಿನ ಢಂ ಢಂ ನಿಂತಿತು. ಕೇರಿ ದಾಟಿ, ಲಾಯ ದಾಟಿ, ಹಿತ್ತಿಲು ದಾಟಿ, ಕೋವಿ ಹೆಗಲಿಗೇರಿಸಿಕೊಂಡು ತಿಪ್ಪರಾಜ ಏದುಸಿರು ಬಿಡುತ್ತ ಬಂದು ನಾಯಕನ ಪಕ್ಕದ ಎಲೆಗೆ ಕೂತೇಬಿಟ್ಟ. ಮೊದಲ ಹೋಳಿಗೆ ಬಾಯಿ ಸೇರಿತು.

ಈರಗ ತಿಪ್ಪರಾಜನಿಗೆ ಕೈಮುಗಿದು ಕೇಳಿದ: "ಬುದ್ಧೀ, ನಂಜಯ್ಯನ ಕೂಗು ತಮಗೆ ಕೇಳಿಸಿತಾ?"

"ಕೇಳಿಸದೆ ಮತ್ತೆ? ಒಂದೇ ಕೂಗಿಗೆ ಎದ್ದು ಬಂದೆ!"

ಪಂಕ್ತಿಯಲ್ಲಿ ಎಲ್ಲರ ಕೈ ನಿಂತಿತು. ತಿಪ್ಪರಾಜನ ದವಡೆಯೂ ನಿಂತಿತು.

"ಹಾಗಾದರೆ ಕುಂಬಾರಗೇರಿಗಿಂತ ದೂರದ ಅಡುಗೆಮನೆಯೇ ಕೂಗಳತೆಯ ಒಳಗಿದೆ," ಎಂದ ಈರಗ. "ಕೋವಿ ಕೆಳಗಿಡಿ."

"ಇಲ್ಲ ಇಲ್ಲ! ಕೂಗು ಕೇಳಿಸಲಿಲ್ಲ. ಸುಮ್ಮನೆ ಈ ಕಡೆ ಬಂದೆ."

"ಓಹೋ. ಕೂಗು ಕೇಳದವರಿಗೆ ಪಂಕ್ತಿಯಿಲ್ಲ. ಯಾರಯ್ಯ ಅಲ್ಲಿ, ಎಲೆ ತೆಗೀರಿ."

ಬಡಿಸುವವನು ಎಲೆಯ ತುದಿ ಎತ್ತಿದ. ತಿಪ್ಪರಾಜ ಎರಡೂ ಕೈಯಲ್ಲಿ ಎಲೆ ಅಮುಕಿ ಹಿಡಿದ. "ಬಿಡೋ! ಕೇಳಿಸಿತು!"

"ಕೋವಿ, ಬುದ್ಧೀ."

"ಕೇಳಿಸಲಿಲ್ಲ!"

ಎಲೆ ಮೇಲೆದ್ದಿತು.

"ಕೇಳಿಸಿತು!"

ಎಲೆ ಕೆಳಗಿಳಿಯಿತು. ಅಷ್ಟರಲ್ಲಿ ತುಪ್ಪದ ಗಿಂಡಿ ಅವನ ಎಲೆಯ ಹತ್ತಿರ ಬಂದು, ಅಲ್ಲೇ ನಿಂತು, ಮೆಲ್ಲಗೆ ಮುಂದಿನ ಎಲೆಯ ಕಡೆ ಹೊರಟಿತು.

"ಕೇಳಿಸಿತು ಕಣ್ರಯ್ಯ! ಬೆಳಗಿನ ದ್ಯಾವಮ್ಮನ ಕೂಗೂ ಕೇಳಿಸಿತ್ತು! ಅದಕ್ಕೆ ಇನ್ನೂ ಕಿವಿ ಗುಂಯ್‌ಗುಡ್ತಿದೆ! ತುಪ್ಪ ಹಾಕಿ!"

ಕೋವಿ ಹೆಗಲಿಂದಿಳಿದು ಗೋಡೆಗೊರಗಿತು. ನಾಯಕ ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡ. ರಾಣಿಯೂ ಬಾಗಿಲ ಮರೆಯಲ್ಲಿ ನಗುತ್ತಿದ್ದಳು, ಬಳೆ ಸದ್ದು ಕೇಳಿಸಿತು. ಆ ಧೈರ್ಯದ ಮೇಲೆ ನಾಯಕ ಅಲ್ಲೇ ತೀರ್ಪು ಕೊಟ್ಟ: ಕೋವಿ ಇನ್ನು ಊರ ಹೊರಗಿನ ಗುಡ್ಡದಾಚೆ, ಕೇರಿ ಇದ್ದಲ್ಲೇ ಇರಲಿ. ಕೈತೊಳೆದು ಬಂದು ತನ್ನ ಹೆಗಲ ಜರಿಶಾಲನ್ನೇ ತೆಗೆದು ಈರಗನಿಗೆ ಹೊದಿಸಿದ.

"ಅಲ್ಲವೋ ಈರಗ, ಅವನು ಹಟ ಹಿಡಿದು ಕೇಳಿಸಲಿಲ್ಲ ಅಂತಲೇ ಎದ್ದುಹೋಗಿದ್ದರೆ ಏನು ಮಾಡ್ತಿದ್ದೆ?"

ಈರಗ ಎಲೆ ಮಡಿಸಿ ನಾಯಕನ ಕೈಗಿಟ್ಟ.

"ಮೂರು ದಿನ ಕಾಯ್ತಿದ್ದೆ ಬುದ್ಧೀ. ಅರಮನೆ ಊಟ ತಪ್ಪಿ ಮೂರು ದಿನ ಆದ ಮೇಲೆ, ಅಷ್ಟು ಭಾರದ ಕೋವಿ ಅವರಿಂದ ಎತ್ತೋಕಾಗ್ತಿತ್ತೇ?"