ದೇವರ ಪಾಲಿನ ಗಾಳಿ

“ಕೇಳಿರಪ್ಪೋ ಕೇಳಿ! ಗಾಳಿ ಬೀಸದ ದಿನವೂ ದೀಪ ಉರಿಸುವ ಗುಟ್ಟು ಹಿಂದಿನ ರಾಜಗುರುಗಳು ಬಿಟ್ಟುಹೋದ ಮೂರು ಒಗಟಿನಲ್ಲಿದೆ. ಬಿಡಿಸಿದವರಿಗೆ ಅರ್ಧ ರಾಜ್ಯ. ತಪ್ಪಿದವರಿಗೆ ಅಮಾವಾಸ್ಯೆಗೆ ಶೂಲ. ರಾಣಿ ಹೊನ್ನಾಂಬೆಯ ಅಪ್ಪಣೆ!”

ಡಂಗುರ ಮೈಲಾರನ ಕಿವಿಗೂ ಬಿತ್ತು. ಅವನು ಗಾಳಿಗುಡ್ಡದ ಆಳು. ಆ ನಾಡಿನ ದೀಪಗಳೆಲ್ಲ ಗುಡ್ಡದ ಗಾಳಿಚಕ್ರಗಳ ವಿದ್ಯುತ್ತಿನಿಂದಲೇ ಉರಿಯುತ್ತಿದ್ದವು. ಗಾಳಿ ಮಿತಿಮೀರಿದಾಗ ರೆಕ್ಕೆಗಳಿಗೆ ಹಗ್ಗ ಕಟ್ಟಿ ನಿಲ್ಲಿಸಿ, ಕುಂಕುಮವಿಟ್ಟು, “ಮಿಕ್ಕಿದ್ದು ದೇವರ ಪಾಲು” ಎಂದು ಕೈಮುಗಿಯುವುದು ಅಲ್ಲಿನ ಪದ್ಧತಿ. ಕೂಡಿಡುವುದು ಪಾಪವೆಂದು ಜನ ನಂಬಿದ್ದರು.

ಕಳೆದ ಮಾಗಿಯಲ್ಲಿ ಗಾಳಿ ನಿಂತುಹೋಯಿತು. ವೈದ್ಯಶಾಲೆಯ ಉಸಿರಾಟದ ಯಂತ್ರಗಳೂ ನಿಂತವು. ರಾಣಿಯ ಕೂಸು ಹೋಯಿತು, ಮೈಲಾರನ ತಂಗಿ ಸೋಮವ್ವಳೂ ಹೋದಳು. ದೇವರ ಮುಂದೆ ಇಬ್ಬರ ನೋವೂ ಒಂದೇ. ಈಗ ಮತ್ತೆ ಮಾಗಿ ಹತ್ತಿರವಾಗುತ್ತಿತ್ತು.

ಸಭೆಯಲ್ಲಿ ರಾಣಿ ಕೇಳಿದಳು: “ಬೇಕಾದಾಗ ಬಾರದು, ಬೇಡವಾದಾಗ ಉಕ್ಕಿ ಬರುತ್ತದೆ. ಏನದು?”

“ನೆಂಟರ ಹಿಂಡು!” ಎಂದ ಒಬ್ಬ ಸಾಮಂತ, ಮೀಸೆ ತಿರುವಿ. ಸಭೆ ನಕ್ಕಿತು, ಅವನ ಕೈಗೆ ಬೇಡಿ ಬಿತ್ತು. “ನಿದ್ದೆ” ಎಂದ ಪಂಡಿತನಿಗೂ ಅದೇ ಗತಿ.

“ಹೆತ್ತೊಡಲಿಗೆ ಸುಳ್ಳು ಆಸೆ ತೋರಿಸುವವರ ಮೇಲೆ ನನಗೆ ಕನಿಕರವಿಲ್ಲ” ಎಂದಳು ರಾಣಿ.

ಮೈಲಾರ ಮನಸ್ಸಿನಲ್ಲೇ ಶಿವನನ್ನು ನೆನೆದು ಮುಂದೆ ಬಂದ. “ಗಾಳಿಯ ವಿದ್ಯುತ್ತು, ತಾಯಿ.”

ರಾಣಿ ತಲೆದೂಗಿ ಎರಡನೆಯದನ್ನು ಕೇಳಿದಳು: “ಕೂಡಿ ಬಾಳುವ ಇಬ್ಬರು, ಮಿಂಚು ಹೊಕ್ಕರೆ ಅಗಲುತ್ತಾರೆ. ಅವರ ಮನೆ ಯಾವುದು?”

“ನೀರು. ವಿದ್ಯುತ್ತು ಹರಿಸಿದರೆ ಜಲಜನಕ ಒಂದು ಕಡೆ, ಆಮ್ಲಜನಕ ಒಂದು ಕಡೆ ಗುಳ್ಳೆಯಾಗಿ ಏಳುತ್ತವೆ.”

“ಹೊಗೆಯಿಲ್ಲದೆ ಉರಿದು, ಬೂದಿಯ ಬದಲು ಹನಿ ಬಿಟ್ಟುಹೋಗುವುದು ಯಾವುದು?” ರಾಣಿ ಮುಂದಕ್ಕೆ ಬಾಗಿ ಕೇಳಿದಳು.

“ಆ ಜಲಜನಕವೇ. ಗಾಳಿ ಇದ್ದಾಗ ತುಂಬಿಟ್ಟರೆ, ಇಲ್ಲದಾಗ ಉರಿಸಿ ಯಂತ್ರ ನಡೆಸಬಹುದು. ಉರಿದ ಮೇಲೆ ಮತ್ತೆ ನೀರೇ. ನೀರಿನಲ್ಲಿ ಕೊಡ ಬೋರಲಿಟ್ಟು ಆ ಗುಳ್ಳೆಗಳನ್ನು ಹಿಡಿದು, ಉರಿಸಿ ನೋಡಿದ್ದೇನೆ.”

“ಅಯ್ಯೋ ಮಗನೇ, ಹೋದ ವರ್ಷವೇ ಏಕೆ ಬರಲಿಲ್ಲ?”

“ಆಗ ನಾನೂ ಹಗ್ಗ ಕಟ್ಟುತ್ತಿದ್ದೆನಲ್ಲ ತಾಯಿ. ತಂಗಿ ಹೋದ ಮೇಲೆ ಕಟ್ಟಲು ಕೈ ಬರಲಿಲ್ಲ. ದೇವರ ಪಾಲು ಉಸಿರಿಗೆ ಒದ್ದಾಡುವವರಿಗೇ ಸೇರಬೇಕು ಅನ್ನಿಸಿತು.”

“ಅರ್ಧ ರಾಜ್ಯ ನಿನ್ನದು.”

“ಬೇಡ ತಾಯಿ. ಶೂಲಕ್ಕೆ ಕಾದಿರುವವರನ್ನು ಬಿಟ್ಟುಬಿಡಿ. ಅವರಿಗೂ ಹೆತ್ತವರಿದ್ದಾರೆ.”

ಕೂಸನ್ನು ಮಣ್ಣು ಮಾಡಿದ ದಿನವೂ ಅಳದ ರಾಣಿ ಸಿಂಹಾಸನದಿಂದ ಇಳಿದು, ನೆಲದ ಮೇಲೆ ಕೂತು ಅತ್ತಳು. ಸೆರೆಯವರನ್ನು ಬಿಡಿಸಿದಳು; ಗಾಳಿಗುಡ್ಡವನ್ನು ಮೈಲಾರನ ಕೈಗೊಪ್ಪಿಸಿದಳು.

ಆ ಮಾಗಿಯಲ್ಲೂ ಗಾಳಿ ನಿಂತಿತು. ಯಂತ್ರಗಳು ನಿಲ್ಲಲಿಲ್ಲ. ಯಾರದೋ ಕೂಸು ಉಸಿರಾಡುವುದನ್ನು ವೈದ್ಯಶಾಲೆಯ ಬಾಗಿಲಲ್ಲಿ ನಿಂತು ರಾಣಿ, ಮೈಲಾರ ಇಬ್ಬರೂ ಕೇಳಿಸಿಕೊಂಡರು. ಹೋದ ಮಾಗಿಯಲ್ಲಿ ಅಗಲಿದ ಆ ಎರಡು ಜೀವಗಳನ್ನು ಪರಮಾತ್ಮ ಕಾಯಲಿ.