ಬಾವುಟಕ್ಕೆ ಕೈಮುಗಿದ ಅಂಬಿಗ

ಮೆಣಸು ಕೊಳ್ಳಲು ಬಂದ ಇಂಗ್ಲಿಷ್ ದೊರೆ ಹೊಳೆದಂಡೆಯಲ್ಲಿ ಮೊದಲು ಉಗ್ರಾಣ ಕಟ್ಟಿದ. ಆಮೇಲೆ ಕೋಟೆ ಕಟ್ಟಿ ಬಾವುಟ ಏರಿಸಿದ. ಬಾವುಟ ಕಾಣುವಷ್ಟು ಹೊತ್ತೂ ಎಲ್ಲರೂ ಎದ್ದು ನಿಂತು ಕೈಮುಗಿಯಬೇಕು, ತಪ್ಪಿದ ಅಂಬಿಗರ ದೋಣಿ ಜಪ್ತಿ ಎಂದು ಡಂಗುರ ಸಾರಿಸಿದ. ಅಂಬಿಗ ಜಟ್ಟನಿಗಿದ್ದದ್ದು ಒಂದೇ ದೋಣಿ.

ಮರುದಿನ ದೊರೆಯೇ ಆ ದೋಣಿ ಹತ್ತಿದ. ನಡುಹೊಳೆಯಲ್ಲಿ ಬಾವುಟ ಕಂಡದ್ದೇ ಜಟ್ಟ ಹುಟ್ಟು ಕೆಳಗಿಟ್ಟು, ಎದ್ದು ನಿಂತು ಕೈಮುಗಿದ. ಸಮುದ್ರ ಹತ್ತಿರವೇ ಇತ್ತು; ಇಳಿತದ ನೀರಿನ ಸೆಳೆತಕ್ಕೆ ದೋಣಿ ಅತ್ತ ತಿರುಗಿತು.

"ಹುಟ್ಟು ಹಿಡಿಯೋ," ಎಂದ ದೊರೆ.

"ಬಾವುಟ ಇನ್ನೂ ಕಾಣ್ತದಲ್ಲ ದೊರೆ. ಮುಗಿದ ಕೈ ಬಿಟ್ಟರೆ ದೋಣಿ ಜಪ್ತಿ."

ಅಲೆಯೊಂದು ಒಳಗೆ ನುಗ್ಗಿತು. ದೊರೆ ದೋಣಿಯ ಅಂಚು ತಬ್ಬಿಕೊಂಡ. "ಇವತ್ತಿನಿಂದ ಯಾರೂ ಕೈಮುಗಿಯೋದು ಬೇಡ. ಹಿಡಿ ಮಾರಾಯ."

ಜಟ್ಟ ಹುಟ್ಟು ಹಾಕಿದ. "ಬಾವುಟಕ್ಕೂ ನೀವೇ ಒಂದು ಮಾತು ಹೇಳಿಬಿಡಿ ದೊರೆ. ಅದು ಬೇಜಾರು ಮಾಡಿಕೊಳ್ಳಬಾರದಲ್ಲ."