ಬಿಂದಿಗೆಗೆ ಅರವತ್ತು, ಸುಂಕಕ್ಕೆ ಆರು

"ಗುರುಗಳೇ, ಜನ ನನ್ನ ಮಾತನ್ನು ನಂಬಬೇಕಾದರೆ ನಾನು ಏನು ಮಾಡಬೇಕು?" ಎಂದು ಶಿಷ್ಯನು ಕೇಳಿದನು. ಮಠದ ಉಗ್ರಾಣವನ್ನು ಅಂದೇ ಅವನ ವಶಕ್ಕೆ ಕೊಟ್ಟಿದ್ದರು.

ಗುರುಗಳು ಹೇಳಿದರು:

ಇದು ನನ್ನ ತಾಯಿ ಹೇಳುತ್ತಿದ್ದ ಸಂಗತಿ. ಅದು ನಡೆದ ತಾಮ್ರದ ಪಾತ್ರೆಗಳ ಪೇಟೆ ಈಗ ಇಲ್ಲ. ಹೊಳೆ ದಿಕ್ಕು ಬದಲಿಸಿದಾಗ ಅಂಗಡಿಗಳೆಲ್ಲ ಎದ್ದುಹೋದವು. ಆದರೂ ತಾಯಿ ಹೇಳುತ್ತಿದ್ದರೆ ತಾಮ್ರ ಬಡಿಯುವ ಸದ್ದು ನನಗೆ ಕೇಳಿಸುತ್ತಿತ್ತು.

ಅಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದನು. ಆಗ ಮಾರುವ ಸರಕಿನ ಮೇಲೆ ಹತ್ತಕ್ಕೆ ಒಂದರಂತೆ ಅರಸನ ಸುಂಕವಿತ್ತು. ವ್ಯಾಪಾರಿಗಳು ಅದನ್ನು ಬೆಲೆಗೆ ಸೇರಿಸಿ ಕೊಳ್ಳುವವರಿಂದ ಪಡೆದು, ತಿಂಗಳಿಗೊಮ್ಮೆ ಸುಂಕದ ಕಟ್ಟೆಯಲ್ಲಿ ಒಪ್ಪಿಸುತ್ತಿದ್ದರು. ಬೇರೆ ಅಂಗಡಿಗಳಲ್ಲಿ ಬಿಂದಿಗೆಯ ಬೆಲೆ ಕೇಳಿದರೆ ಅರವತ್ತಾರು ಹಣ ಎನ್ನುತ್ತಿದ್ದರು. ಇವನು ಮಾತ್ರ, "ಬಿಂದಿಗೆಗೆ ಅರವತ್ತು, ಸುಂಕಕ್ಕೆ ಆರು, ಒಟ್ಟು ಅರವತ್ತಾರು" ಎನ್ನುತ್ತಿದ್ದನು. ಸುಂಕದ ಹೆಸರು ಕೇಳಿ ಕೆಲವರು ಮುಖ ಸಿಂಡರಿಸಿಕೊಂಡು ಪಕ್ಕದ ಅಂಗಡಿಗೆ ಹೋಗುತ್ತಿದ್ದರು.

ನನ್ನ ತಾಯಿ ಮದುವೆಯಾದ ಹೊಸತರಲ್ಲಿ ಅವನಲ್ಲಿಗೆ ಹೋದಳು. ಮನೆಯಲ್ಲಿ ಇದ್ದದ್ದು ಮಣ್ಣಿನ ಕೊಡಗಳು ಮಾತ್ರ. ಅವಳ ಬಳಿ ಸರಿಯಾಗಿ ಅರವತ್ತು ಹಣವಿತ್ತು. ಬೆಲೆ ಕೇಳಿ ಹಿಂತಿರುಗಿದಳು. ಆರು ದಿನ ಬೇರೆಯವರ ಮನೆಯಲ್ಲಿ ಭತ್ತ ಕುಟ್ಟಿ ಆರು ಹಣ ಸಂಪಾದಿಸಿದಳು. ಏಳನೆಯ ದಿನ ಹೋಗಿ ಬಿಂದಿಗೆ ತಂದಳು.

ಅದಾಗಿ ಐದು ದಿನಕ್ಕೆ ಪೇಟೆಯಲ್ಲಿ ಡಂಗುರ ಹೊಡೆದರು. ಅರಸನು ಅಮಾವಾಸ್ಯೆಯಿಂದಲೇ ಪಾತ್ರೆಗಳ ಸುಂಕವನ್ನು ತೆಗೆದುಹಾಕಿದ್ದನು. ಹೊಳೆ ತುಂಬಿದ್ದರಿಂದ ಸುದ್ದಿ ತಡವಾಗಿತ್ತು. ತಾಯಿ ಬಿಂದಿಗೆ ಕೊಂಡದ್ದು ಅಮಾವಾಸ್ಯೆಯ ಮರುದಿನ.

ಆ ನಡುವೆ ವ್ಯಾಪಾರಿ ಹನ್ನೊಂದು ಪಾತ್ರೆ ಮಾರಿದ್ದನು. ಸುಂಕದ ಹಣ ಇನ್ನೂ ಅವನಲ್ಲೇ ಇತ್ತು. ಕಟ್ಟೆಯವರು ಅದನ್ನು ಕೇಳಲಿಲ್ಲ. ಕೊಂಡವರೂ ಕೇಳಲಿಲ್ಲ. ಅವನು ಅಂಗಡಿ ಮುಚ್ಚಿ ಊರೂರಿಗೆ ನಡೆದನು. ನಮ್ಮ ಊರು ಎರಡು ಹರದಾರಿ ದೂರ. ಕೆಸರು ತುಳಿದು ಬಂದು ಜಗುಲಿಯ ಮೇಲೆ ಆರು ಹಣ ಇಟ್ಟನು.

"ಇಷ್ಟಕ್ಕಾಗಿ ಇಷ್ಟು ದೂರ ಬಂದಿರಾ, ಸೆಟ್ಟರೇ?" ಎಂದು ತಾಯಿ ಕೇಳಿದಳು.

"ನನ್ನ ಅರವತ್ತು ನನಗೆ ಅಂದೇ ಸಂದಿದೆ, ತಂಗೀ. ಇದು ನನ್ನದಲ್ಲ. ಈಗ ಅರಸನದೂ ಅಲ್ಲ" ಎಂದು ಹೇಳಿ, ನೀರು ಕುಡಿದು, ಅವನು ಮುಂದಿನ ಊರಿಗೆ ಹೊರಟನು.

ಒನಕೆ ಹಿಡಿದು ಎದ್ದ ಬೊಬ್ಬೆಗಳು ತಾಯಿಯ ಅಂಗೈಯಲ್ಲಿ ಇನ್ನೂ ಮಾಸಿರಲಿಲ್ಲ. ಹಣವನ್ನು ಅದೇ ಅಂಗೈಯಲ್ಲಿ ಹಿಡಿದು, ಅವನು ಮರೆಯಾಗುವ ತನಕ ಅವಳು ಬಾಗಿಲಲ್ಲೇ ನಿಂತಿದ್ದಳು. ಪಕ್ಕದ ಅಂಗಡಿಯಲ್ಲಿ ಕೊಂಡವರ ಮನೆಗೆ ಯಾರೂ ಬರಲಿಲ್ಲ. ಕೊಟ್ಟದ್ದರಲ್ಲಿ ಸುಂಕ ಎಷ್ಟೆಂದು ಅವರಿಗೆ ತಿಳಿದೂ ಇರಲಿಲ್ಲ.

ಗುರುಗಳು ಮಾತು ನಿಲ್ಲಿಸಿದರು.

"ಆಮೇಲೆ ಅವನ ಅಂಗಡಿಗೆ ಬರುವವರು ಹೆಚ್ಚಿದರೇ?" ಎಂದು ಶಿಷ್ಯನು ಕೇಳಿದನು.

"ಅದನ್ನು ತಾಯಿ ಹೇಳಲಿಲ್ಲ. ಕೆಲವು ವರ್ಷಕ್ಕೆ ಸುಂಕ ಮತ್ತೆ ಬಂದಿತು. ಅವನು ಬಿಡಿಸಿ ಹೇಳುವುದನ್ನು ಬಿಡಲಿಲ್ಲ, ಅವನಲ್ಲಿ ಕೊಳ್ಳುವಾಗ ನನ್ನ ತಾಯಿ ಬೆಲೆ ಕೇಳುವುದನ್ನು ಬಿಟ್ಟಳು."